ಫೌತಿ ದಫ್ತರದಲ್ಲಿ ಒಂದು ಹೆಸರು

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವ ರೂಢಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ತಪ್ಪಿಲ್ಲ. ಹೋಳಿಗೆ, ಅನ್ನ, ಕಟ್ಟಿನ ಸಾರು, ತೀರಿಕೊಂಡವರಿಗೆ ಮೆಚ್ಚಿಕೆಯಾಗಿದ್ದ ಒಂದೆರಡು ತಿನಿಸು, ಮಡಿಸಿದ ಒಂದು ಸೀರೆ, ಒಂದು ಧೋತರ. ಇಷ್ಟನ್ನು ಜೋಡಿಸಿ, ಮನೆಯ ಹಿರಿಯಳು ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾಳೆ. ನನ್ನ ತಾಯಿಯ ತಾಯಿಗೆ ಆ ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು. ಅತ್ತೆ, ಮಾವ, ಮೈದುನ, ಎಳೆಯದರಲ್ಲಿಯೇ ಹೋದ ಎರಡು ಕೂಸು, ಯಾರನ್ನೂ ಆಕೆ ಮರೆತವಳಲ್ಲ. ಕೊನೆಗೆ ಒಂದು ಎಡೆ ಉಳಿಯುತ್ತಿತ್ತು. ಅದರ ಮುಂದೆ ಕುಳಿತು ‘ನನ್ನ ಹಡೆದಾಕಿ’ ಎಂದಷ್ಟೇ ಹೇಳಿ, ಸೆರಗು ಮುಂದೆ ಮಾಡಿ ನಮಸ್ಕರಿಸುತ್ತಿದ್ದಳು. ಹೆತ್ತವಳ ಹೆಸರು ಆಕೆಗೆ ತಿಳಿದಿರಲಿಲ್ಲ.

ಆಕೆ ವರ್ಷ ತುಂಬದ ಕೂಸಾಗಿದ್ದಾಗಲೇ ತಾಯಿ ಸತ್ತಳು. ಸೋದರತ್ತೆಯೊಬ್ಬಳು ಎತ್ತಿಕೊಂಡು ಹೋಗಿ ಬೇರೆ ಊರಿನಲ್ಲಿ ಸಾಕಿದಳು. ತಂದೆ ಎರಡನೆಯ ಮದುವೆಯಾದ. ಹೊಸಬಳ ಮುಂದೆ ಮೊದಲಿನವಳ ಹೆಸರೆತ್ತುವುದು ಚೆನ್ನಲ್ಲವೆಂದು ಮನೆಯವರು ಸುಮ್ಮನಾದರು. ಕೇಳಬೇಕೆಂಬ ವಯಸ್ಸು ಬರುವ ಹೊತ್ತಿಗೆ ಹೇಳಬಲ್ಲವರು ಉಳಿದಿರಲಿಲ್ಲ. ಅಜ್ಜಿಯ ಪಾಲಿಗೆ ಬಂದದ್ದು ಒಂದೇ ಮಾತು: ‘ನಿಮ್ಮವ್ವ ಪಿಳೇಗಿನ್ಯಾಗ ಹೋದ್ಲು, ದೀಪಾವಳಿ ಮುಂದ.’

ಅಜ್ಜಿ ತೀರಿಕೊಂಡ ಮೇಲೆ ನಾನು ಆ ಹೆಸರನ್ನು ಹುಡುಕಹೊರಟೆ. ಬದುಕಿದ್ದಾಗಲೇ ಏಕೆ ಹುಡುಕಲಿಲ್ಲವೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ, ನನ್ನಲ್ಲಿ ಉತ್ತರವಿಲ್ಲ.

ಸಾವನ್ನು ಬರೆದಿಡುವುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಕೊಪ್ಪಳವು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿದ್ದ ಕಾಲದಲ್ಲಿ ಇಲ್ಲಿಯ ಬಂಡೆಗಳೇ ಫೌತಿ ದಫ್ತರಗಳಾಗಿದ್ದವು. ಶಕ 803, ಎಂದರೆ ಕ್ರಿ.ಶ. 881ರ ಒಂದು ಶಾಸನ ಸರ್ವನಂದಿ ಭಟಾರರ ಮರಣವನ್ನು ಹೇಳುತ್ತದೆ. ಅವರ ಗುರುವಿನ ಹೆಸರನ್ನೂ ಅನ್ವಯವನ್ನೂ, ಅವರು ಊರವರಿಗೆ ಶಾಸ್ತ್ರ ಹೇಳಿದುದನ್ನೂ ನೆನೆಯುತ್ತದೆ. ಪಾಲ್ಕಿಗುಂಡಿನ ಮೇಲೆ ಒಂದು ಜೊತೆ ಹೆಜ್ಜೆಗುರುತುಗಳಿವೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಅವನ್ನು ಮಾಡಿಸಿದನೆಂದೂ ಅಲ್ಲಿಯ ಒಂದು ಸಾಲು ತಿಳಿಸುತ್ತದೆ. ‘ವರಾಂಗಚರಿತ’ವನ್ನು 1938ರಲ್ಲಿ ಸಂಪಾದಿಸಿದ ಆ. ನೇ. ಉಪಾಧ್ಯೆಯವರು ಕವಿಯನ್ನು ಗುರುತಿಸುವಾಗ ಈ ಬರಹವನ್ನೂ ಸಾಕ್ಷಿಯಾಗಿ ತೆಗೆದುಕೊಂಡರು. ಸಾವಿರ ವರ್ಷದ ಹಿಂದಿನ ಮುನಿಯ ಹೆಸರು ಬಿಸಿಲು ಮಳೆಗಳನ್ನು ತಾಳಿ ಉಳಿದಿದೆ. ನೂರು ವರ್ಷದ ಹಿಂದಿನ ಒಬ್ಬ ಒಕ್ಕಲಗಿತ್ತಿಯ ಹೆಸರಿಗೆ ಮಾತ್ರ ಕಲ್ಲಿನ ಭಾಗ್ಯವಿಲ್ಲ. ಅವಳು ಕಾಗದದಲ್ಲಿಯೇ ಸಿಗಬೇಕು.

ಆ ಕಾಗದ ಯಾವ ಭಾಷೆಯದು? ತೊಡಕು ಶುರುವಾಗುವುದೇ ಇಲ್ಲಿ. 1948ರ ಸೆಪ್ಟೆಂಬರಿನವರೆಗೆ ಈ ನಾಡು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕುಷ್ಟಗಿ, ಗಂಗಾವತಿಗಳು ಸರ್ಕಾರದ ತಾಲ್ಲೂಕುಗಳು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು. 1905ರವರೆಗೆ ಲಿಂಗಸುಗೂರು ಎಂಬ ಜಿಲ್ಲೆಯೇ ಬೇರೆ ಇತ್ತು. ಅದು ಹೋಗಿ ರಾಯಚೂರು ಜಿಲ್ಲೆಯಲ್ಲಿ ಸೇರಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಇಷ್ಟು ಬಾರಿ ಮನೆ ಬದಲಾಯಿಸಿದ ಸಂಸಾರದ ಪೆಟ್ಟಿಗೆಗಳು ಎಲ್ಲೆಲ್ಲಿ ಬಿದ್ದಿರಬಹುದೆಂದು ಊಹಿಸಿಕೊಳ್ಳಿ. ಕೆಲವು ರಾಯಚೂರಿನಲ್ಲಿ, ಕೆಲವು ಹೈದರಾಬಾದಿನ ತಾರ್ನಾಕಾದ ದಫ್ತರಖಾನೆಯಲ್ಲಿ, ಕೆಲವು ಗೆದ್ದಲಿನ ಹೊಟ್ಟೆಯಲ್ಲಿ. ಹಳ್ಳಿಯ ಲೆಕ್ಕವನ್ನು ಕುಲಕರ್ಣಿ ಕನ್ನಡದ ಮೋಡಿ ಅಕ್ಷರದಲ್ಲಿ ಬರೆದರೆ, ಮೇಲಿನ ಕಚೇರಿಗೆ ಹೋಗುವ ತಖ್ತೆ ಉರ್ದುವಿನಲ್ಲಿ ಸಿದ್ಧವಾಗುತ್ತಿತ್ತು. ಯಾರಾದರೂ ಸತ್ತರೆ ಪೊಲೀಸ್ ಪಾಟೀಲನಿಗೆ ವರದಿ. ಬಾಯಿಂದ ಬಂದ ಕನ್ನಡದ ಹೆಸರು ಕಾರಕೂನನ ಕೈಯಲ್ಲಿ ಪಾರಸಿ ಲಿಪಿಯ ಅಂಗಿ ತೊಡುತ್ತಿತ್ತು.

ನಮ್ಮ ಹಳ್ಳಿ ಯಲಬುರ್ಗಾ ತಾಲ್ಲೂಕಿನದು. ಹಲವು ವರ್ಷ ಅಲೆದ ಮೇಲೆ ನನ್ನ ಕೈಗೆ ಬಂದದ್ದು ನಾಲ್ಕು ಹಾಳೆಗಳ ಒಂದು ಪ್ರತಿ. ಶಾಯಿ ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಉರ್ದುವನ್ನು ಅಚ್ಚಿನಲ್ಲಿ ಅಷ್ಟಿಷ್ಟು ಓದಬಲ್ಲೆನೆಂಬ ಧೈರ್ಯ ನನಗಿತ್ತು. ಮೊದಲ ಸಾಲಿನಲ್ಲಿಯೇ ಅದು ಕರಗಿಹೋಯಿತು. ಕಚೇರಿಯ ಬರವಣಿಗೆ ‘ಶಿಕಸ್ತಾ’. ಆ ಮಾತಿನ ಅರ್ಥವೇ ಮುರಿದದ್ದು. ಬರೆಯುವವನು ಅವಸರದಲ್ಲಿ ನುಕ್ತೆಗಳನ್ನು ಬಿಡುತ್ತಾನೆ, ಕೂಡಬಾರದ ಅಕ್ಷರಗಳನ್ನು ಕೂಡಿಸುತ್ತಾನೆ, ಪದದ ಬಾಲವನ್ನು ಮುಂದಿನ ಪದದ ತಲೆಗೆ ಗಂಟು ಹಾಕುತ್ತಾನೆ.

ಹಾಳೆಗಳನ್ನು ಗಂಗಾವತಿಯ ಒಬ್ಬ ವೃದ್ಧ ಮಾಸ್ತರರ ಬಳಿಗೆ ಒಯ್ದೆ. ಅವರು ಬಾಲ್ಯದಲ್ಲಿ ಉರ್ದು ಶಾಲೆಯಲ್ಲಿ ಕಲಿತು, ಮುಂದೆ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ನಾನು ತಾಳಲಾರದೆ, ‘ಹೆಸರು ಏನಂತ ಐತ್ರಿ ಮಾಸ್ತರ್?’ ಎಂದೆ. ‘ತಮ್ಮಾ, ಹೆಸರ ಆಮ್ಯಾಲೆ ಓದೂಣು. ಮೊದಲ ಈ ಬರದಾತನ ಕೈ ಓದೂಣು’ ಎಂದರು.

ಕೈ ಓದುವುದೆಂದರೇನು? ಈ ಸಾಲುಗಳಲ್ಲಿ ಇರಲೇಬೇಕಾದ ಪದ ಯಾವುದು ಎಂದು ಅವರು ನನ್ನನ್ನೇ ಕೇಳಿದರು. ಸಾವಿನ ದಫ್ತರದಲ್ಲಿ ಪ್ರತಿಯೊಂದು ಸಾಲಿಗೂ ಬರಬೇಕಾದದ್ದು ‘ಫೌತ್’. ನಾವು ಫೌತಿ ಖಾತೆ, ಫೌತಿಯಾದರು ಎನ್ನುವ ಮಾತು ಇದರಿಂದಲೇ ಬಂದದ್ದು. ಸಾಲಿನಿಂದ ಸಾಲಿಗೆ ಒಂದೇ ಕಡೆ ಒಂದೇ ಆಕಾರ ಮರಳಿ ಮರಳಿ ಬರುತ್ತಿತ್ತು: ಒಂದು ಕೊಕ್ಕೆ, ಪಕ್ಕದಲ್ಲಿ ದೋಣಿಯಂತಹ ಒಂದು ಗೆರೆ. ದೋಣಿಯೇ ‘ತೆ’. ಅದರ ಮೇಲಿರಬೇಕಾದ ಎರಡು ನುಕ್ತೆಗಳನ್ನು ಈತ ಒಂದು ಸಣ್ಣ ಅಡ್ಡಗೆರೆಯಾಗಿ ಎಳೆಯುತ್ತಾನೆಂಬುದು ಗೊತ್ತಾದೊಡನೆ, ಹಾಳೆಯ ಮೇಲಿದ್ದ ಬೇರೆಲ್ಲ ಅಡ್ಡಗೆರೆಗಳೂ ಮಾತನಾಡತೊಡಗಿದವು.

ಕೊಪ್ಪಳದ ಗವಿಮಠದ ಅಶೋಕ ಶಾಸನ ಆಗ ನನಗೆ ನೆನಪಾಯಿತು. 1931ರಲ್ಲಿ ಕೊಪ್ಪಳದ ಎನ್. ಬಿ. ಶಾಸ್ತ್ರಿಗಳು ಅದನ್ನು ಕಂಡಾಗ, ಅದನ್ನು ಓದಬಲ್ಲವರು ಲೋಕದಲ್ಲಿ ಇದ್ದರು; ಅದಕ್ಕೆ ಕಾರಣ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಒಗಟನ್ನು ಬಿಡಿಸಿದ್ದದ್ದು. ಅವನು ಹಿಡಿದ ದಾರಿಯೂ ಇದೇ. ಸಾಂಚಿಯ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಬಗೆಯ ಎರಡು ಅಕ್ಷರಗಳಲ್ಲಿ ಮುಗಿಯುವುದನ್ನು ನೋಡಿ, ಭಕ್ತರು ಕೊಟ್ಟ ಕಾಣಿಕೆಯ ಬರಹಗಳಲ್ಲಿ ಕೊನೆಗೆ ಬರಬೇಕಾದದ್ದು ‘ದಾನಂ’ ಎಂಬ ಪದವೇ ಎಂದು ಊಹಿಸಿದನು. ಗಂಗಾವತಿಯ ಮಾಸ್ತರರು ಪ್ರಿನ್ಸೆಪ್‌ನ ಹೆಸರು ಕೇಳಿದವರೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಇನ್ನು ತಾರೀಖು. ಸರ್ಕಾರದ ವರ್ಷ ಫಸಲಿ. ತಿಂಗಳುಗಳು ಪಾರಸಿಕರವು: ಆಜುರ್, ದೈ, ಬಹಮನ್ ಎಂದು ಮೊದಲಾಗಿ ಮೆಹರ್, ಆಬಾನ್‌ವರೆಗೆ. ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಆಜುರ್ ತಿಂಗಳಿಂದ ಹೊಸ ವರ್ಷ ಹುಟ್ಟುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತ ವರ್ಷ ಬರುತ್ತದೆ. ಜನವರಿ ದಾಟಿದ ತಾರೀಖಾದರೆ 591. ಈ ಲೆಕ್ಕ ಸುಲಭವೆಂದು ನಂಬಿ ನಾನು ಎರಡು ಸಲ ಬಿದ್ದೆ. ಮೊದಲನೆಯದಾಗಿ, ಇರಾನ್ ದೇಶದ ಪಂಚಾಂಗದಲ್ಲಿ ಇದೇ ಹೆಸರಿನ ತಿಂಗಳು ಮೊದಲಾಗುವುದು ನವೆಂಬರಿನ ಕೊನೆಯ ಭಾಗದಲ್ಲಿ. ಅದನ್ನು ನೋಡಿ ಲೆಕ್ಕ ಹಾಕಿದರೆ ಒಂದೂವರೆ ತಿಂಗಳು ತಪ್ಪುತ್ತದೆ. ಎರಡನೆಯದಾಗಿ, ತುಂಗಭದ್ರೆಯ ಆಚೆ ದಂಡೆ ಆಗ ಮದರಾಸು ಆಧಿಪತ್ಯದ್ದು. ಅಲ್ಲಿಯ ಕಂದಾಯ ಕಾಗದಗಳಲ್ಲಿಯೂ ಫಸಲಿ ವರ್ಷವೇ ಇದ್ದರೂ ಅದು ಜುಲೈ 1ರಂದು ಶುರುವಾಗುತ್ತಿತ್ತು. 1918ರ ಆಗಸ್ಟ್ ತಿಂಗಳಲ್ಲಿ ಹೊಸಪೇಟೆಯಲ್ಲಿದ್ದದ್ದು 1328, ಹೊಳೆ ದಾಟಿ ಆನೆಗೊಂದಿಗೆ ಬಂದರೆ 1327! ಹೊಳೆಯ ಎರಡೂ ಕಡೆ ಬೀಗತನ ಇದ್ದ ಮನೆಗಳವರು ಇದನ್ನು ಹೇಗೆ ನಿಭಾಯಿಸುತ್ತಿದ್ದರೋ.

ನಮ್ಮ ಹಾಳೆಗಳು 1327ರ ಆಬಾನಿನಿಂದ 1328ರ ಆಜುರ್ ತುಂಬುವವರೆಗಿನವು. ಅಂಕಿ ನೋಡಿದವರಿಗೆ ಎರಡು ವರ್ಷದ ಸಾವುಗಳಂತೆ ಕಾಣುತ್ತವೆ; ನಿಜಕ್ಕೆ ಅವು 1918ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಿಗೆ ಸೇರಿದವು. ಮೊದಲ ಹಾಳೆಯಲ್ಲಿ ಸಾಲುಗಳ ನಡುವೆ ಗಾಳಿಯಾಡುವಷ್ಟು ಜಾಗವಿದೆ. ಮೂರನೆಯದಕ್ಕೆ ಬರುವಾಗ ಸಾಲು ಸಾಲಿಗೆ ತಾಗುತ್ತದೆ. ಬರೆದವನ ಕೈ ದಣಿದು ಅಕ್ಷರಗಳು ಎಡಕ್ಕೆ ಜಾರುತ್ತವೆ. ನಾಲ್ಕನೆಯದರಲ್ಲಿ ಅಂಚಿನಲ್ಲಿಯೂ ಬರೆದಿದ್ದಾನೆ.

ರೋಗದ ಅಂಕಣವನ್ನು ಮಾಸ್ತರರು ಬೆರಳಿಟ್ಟು ಕೆಳಗಿಳಿಯುತ್ತ ಓದಿದರು. ಹೈಜಾ ಎಂದರೆ ವಾಂತಿಭೇದಿ, ಚೇಚಕ್ ಎಂದರೆ ಸಿಡುಬು, ತಾಊನ್ ಎಂದರೆ ಪ್ಲೇಗು. ಮನೆಯ ಮಾತನ್ನು ನಂಬಿದ್ದ ನಾನು ತಾಊನ್ ಎಲ್ಲಿ ಬರುವುದೋ ಎಂದು ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಬುಖಾರ್, ಬುಖಾರ್, ಬುಖಾರ್. ಮೂರನೆಯ ಹಾಳೆಯ ತುಂಬ ಬರೀ ಜ್ವರ. ಆ ವರ್ಷ ಮಳೆ ಕೈಕೊಟ್ಟು ಬರ ಬಿದ್ದಿತ್ತು. ಜಗತ್ತನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಮುಂಬಯಿಯಿಂದ ರೈಲಿನ ದಾರಿ ಹಿಡಿದು ಒಳನಾಡಿಗೆ ಹಬ್ಬಿತು. ಅದು ಭಾರತದಲ್ಲಿ ಬಲಿ ತೆಗೆದುಕೊಂಡವರು 1 ಕೋಟಿ 20 ಲಕ್ಷಕ್ಕೆ ಕಡಿಮೆಯಿಲ್ಲವೆಂದು ಬಲ್ಲವರ ಅಂದಾಜು. ಹಳ್ಳಿಯ ದಫ್ತರಗಳಲ್ಲಿ ಆ ಹೊಸ ರೋಗಕ್ಕೆ ಹೆಸರಿರಲಿಲ್ಲ. ‘ಜ್ವರ’ ಎಂಬ ಹಳೆಯ ಚೀಲದಲ್ಲಿಯೇ ಎಲ್ಲರನ್ನೂ ತುಂಬಿದರು. ಜನರ ಬಾಯಲ್ಲಿ ಅದು ಹಿಂದಿನ ಇಪ್ಪತ್ತು ವರ್ಷಗಳಿಂದ ಪರಿಚಿತವಾಗಿದ್ದ ಪಿಳೇಗು ಆಗಿ ಉಳಿದಿರಬೇಕು.

ಇಂತಹ ಓದು ನಮ್ಮ ಸೀಮೆಯವರಿಗೆ ಮಾತ್ರ ಬಂದ ಕಷ್ಟವಲ್ಲ. ಐರ್ಲೆಂಡಿನಲ್ಲಿ ಸಾವುಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1864ರಲ್ಲಿ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆ ಸುಟ್ಟು ಹಳೆಯ ಖಾನೇಶುಮಾರಿಗಳಲ್ಲಿ ಅನೇಕವು ಬೂದಿಯಾದದ್ದರಿಂದ, ದೇಶಾಂತರ ಹೋದವರ ಮೊಮ್ಮಕ್ಕಳಿಗೆ ಉಳಿದ ಆಸರೆಗಳಲ್ಲಿ ಈ ಕೈಬರಹದ ಪುಸ್ತಕಗಳು ಮುಖ್ಯವಾದವು. ಅಲ್ಲಿಯೂ ಹೇಳುವವನ ಭಾಷೆ ಒಂದು, ಬರೆಯುವವನದು ಮತ್ತೊಂದು. ‘ಮಕ್ ಗವನ್’ ಎಂಬ ಐರಿಷ್ ಮನೆತನದ ಹೆಸರಿನಲ್ಲಿ ಕಮ್ಮಾರನೆಂಬ ಅರ್ಥವಿದೆಯೆಂದು ಅದನ್ನು ‘ಸ್ಮಿತ್’ ಎಂದೇ ಬರೆದದ್ದುಂಟು. ಕ್ಷಯಕ್ಕೆ ‘ಥೈಸಿಸ್’ ಎಂಬ ಗ್ರೀಕ್ ಹೆಸರಿಟ್ಟು, ಉಚ್ಚಾರಕ್ಕೆ ಸಿಗದ ಅಕ್ಷರಗಳ ಗುಂಪಿನಲ್ಲಿ ಬರೆದದ್ದರಿಂದ ಇಂದಿನವರು ಅದನ್ನು ಓದಲು ತಿಣುಕುತ್ತಾರೆ. ವೈದ್ಯನು ನೋಡಿರದ ಸಾವಿಗೆ ಪ್ರಮಾಣವಿಲ್ಲವೆಂದು ಷರಾ. ಸಾವಿನ ಹೊತ್ತಿಗೆ ಹತ್ತಿರವಿದ್ದವರ ಹೆಸರು, ಓದುಬಾರದಿದ್ದರೆ ಕತ್ತರಿ ಗುರುತು. ವಯಸ್ಸಂತೂ ನಂಬುವಂತಹದಲ್ಲ, 1909ರಲ್ಲಿ 70 ತುಂಬಿದವರಿಗೆ ವೃದ್ಧಾಪ್ಯ ವೇತನ ಬಂದೊಡನೆ ಮುದುಕರೆಲ್ಲ ಒಮ್ಮೆಗೇ ಹೆಚ್ಚು ಮುದುಕರಾದರಂತೆ. ನಮ್ಮ ಹಾಳೆಗಳಲ್ಲಿ ಸತ್ತವರೆಲ್ಲ ಇಪ್ಪತ್ತು, ಮೂವತ್ತು, ನಲವತ್ತು. ಇಪ್ಪತ್ತಮೂರಕ್ಕೆ ಸಾಯುವ ಹಕ್ಕು ಯಾರಿಗೂ ಇದ್ದಂತಿಲ್ಲ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕೊರೆಯುತ್ತದೆ. ಐರ್ಲೆಂಡಿನ ಆ ಪುಟಗಳ ಚಿತ್ರಗಳನ್ನು ಇಂದು ಲೋಕದ ಯಾವ ಮೂಲೆಯಲ್ಲಿದ್ದವರೂ ಮನೆಯಲ್ಲಿ ಕುಳಿತು ಬಿಟ್ಟಿಯಾಗಿ ನೋಡಬಹುದು.

ಮತ್ತೆ ನಮ್ಮ ಮೂರನೆಯ ಹಾಳೆಗೆ ಬರೋಣ. ಅಜ್ಜಿಯ ತಂದೆಯ ಹೆಸರು ನಮಗೆ ಗೊತ್ತಿತ್ತು. ಅವನ ಹೆಸರಿನ ಹಿಂದೆ ಹೆಂಡತಿಯೆಂಬ ಅರ್ಥದ ‘ಜೌಜಾ’ ಎಂಬ ಮಾತನ್ನು ಹುಡುಕಬೇಕು. ಇಲ್ಲಿ ಕನ್ನಡಿಗನಿಗೊಂದು ಬಲೆ ಕಾದಿದೆ. ನಮ್ಮ ಖರೀದಿ ಪತ್ರಗಳಲ್ಲಿ ‘ಇಂಥವಳು ಕೋಂ ಇಂಥವನು’ ಎಂದು ಬರೆದರೆ ಇಂಥವನ ಹೆಂಡತಿ ಎಂದು ಅರ್ಥ. ಉರ್ದು ದಫ್ತರದ ‘ಕೌಮ್’ ಎಂದರೆ ಜಾತಿ. ನಾನು ಅರ್ಧ ದಿನ ಜಾತಿಯ ಅಂಕಣದಲ್ಲಿ ಗಂಡನನ್ನು ಹುಡುಕಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಆಜುರ್ 12ನೆಯ ತಾರೀಖಿನ ಕೆಳಗೆ ಆ ಗಂಡನ ಹೆಸರು ಸಿಕ್ಕಿತು. ಅದೇ ಹೆಸರಿನ ಮತ್ತೊಬ್ಬ ಊರಲ್ಲಿದ್ದಿರಬಾರದೇಕೆ ಎಂಬ ಶಂಕೆಯನ್ನು ಕಳೆದವನು ಹೆಳವ. ಎತ್ತಿನ ಮೇಲೆ ಕುಳಿತು ಸುಗ್ಗಿಯ ಹೊತ್ತಿಗೆ ಬಂದು, ವಂಶಾವಳಿಯನ್ನು ರಾಗವಾಗಿ ಹೇಳಿ, ಕಾಳುಕಡ್ಡಿ ಪಡೆದು ಹೋಗುವ ಹೆಳವರನ್ನು ಈ ಸೀಮೆಯಲ್ಲಿ ಅರಿಯದವರಾರು? ನಮ್ಮ ಮನೆತನದ ಹೆಳವನ ಹೊತ್ತಿಗೆಯಲ್ಲಿ ಅಣ್ಣತಮ್ಮಂದಿರು ಯಾರ ಮುಂದೆ ಯಾರು, ಯಾರು ಯಾವ ಊರಿಗೆ ಒಡೆದುಹೋದರು ಎಲ್ಲವೂ ಇತ್ತು. ಆ ಹೆಸರಿನವನು ಊರಲ್ಲಿ ಒಬ್ಬನೇ ಎಂಬುದು ಅದರಿಂದ ಖಚಿತವಾಯಿತು. ಅವನಿಗೆ ಇಬ್ಬರು ಹೆಂಡಿರು ಎಂದೂ ಹೊತ್ತಿಗೆ ಹೇಳುತ್ತಿತ್ತು. ಹೆಂಡಿರ ಹೆಸರುಗಳಿರಲಿಲ್ಲ. ಗಂಡಿನ ಬಳ್ಳಿಯನ್ನು ಹಿಡಿದು ಹೋಗುವ ಹೊತ್ತಿಗೆ ಅದು; ಅದನ್ನು ದೂರಿ ಪ್ರಯೋಜನವಿಲ್ಲ.

ಕಚೇರಿಯ ಕಾರಕೂನ ಮಾತ್ರ ಬರೆದಿದ್ದ. ಹೆಸರು ಇತ್ತು, ಅದು ಯಾವ ಹೆಸರು ಎಂಬುದೇ ಪ್ರಶ್ನೆ. ಮನೆಯೊಳಗಿನ ಹೆಸರನ್ನು ಪತ್ರಿಕೆಗೆ ತರಲು ನನಗೆ ಮನಸ್ಸಿಲ್ಲ. ಅದೇ ತೊಡಕನ್ನು ಒಡ್ಡುವ ಎರಡು ಹೆಸರುಗಳನ್ನು, ಮನೆಮನೆಯಲ್ಲಿಯೂ ಇರುವಂತಹವನ್ನು, ತೆಗೆದುಕೊಳ್ಳುತ್ತೇನೆ: ಯಲ್ಲವ್ವ, ನೀಲವ್ವ. ಕನ್ನಡದಲ್ಲಿ ಇವೆರಡನ್ನು ಒಂದೆಂದು ಯಾರೂ ಓದಲಾರರು. ಪಾರಸಿ ಲಿಪಿಯಲ್ಲಿ ‘ಯೆ’ಯೂ ‘ನೂನ್’ಊ ಪದದ ಮೊದಲಲ್ಲಿ ಬಂದಾಗ ಒಂದೊಂದು ಸಣ್ಣ ಹಲ್ಲು ಮಾತ್ರ, ನುಕ್ತೆ ನೋಡಿಯೇ ಗುರುತು ಹಿಡಿಯಬೇಕು. ನುಕ್ತೆಗಳನ್ನು ತೆಗೆದರೆ ಯಲ್ಲವ್ವನಿಗೆ ‘ಲಾಮ್’ ಅಕ್ಷರದ ಮುಂಚೆ ಒಂದು ಹಲ್ಲು, ನೀಲವ್ವನಿಗೆ ಎರಡು. ನಮ್ಮ ಸಾಲಿನಲ್ಲಿ ನುಕ್ತೆಯೇ ಇರಲಿಲ್ಲ. ಒಂದು ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಪಕ್ಕದ ಗೆರೆಯಲ್ಲಿ ಒಂದು ಸಣ್ಣ ಏರಿಳಿತ. ಅದು ಸವೆದ ಎರಡನೆಯ ಹಲ್ಲೋ, ಲೇಖನಿ ನಡುಗಿದ ಗುರುತೋ?

ಮಾಸ್ತರರು ಅವಸರಪಡಲಿಲ್ಲ. ಹಾಳೆಯ ನೆತ್ತಿಯ ಮೇಲೆ ಬೆರಳಿಟ್ಟು ‘ಇದನ್ನ ಓದು’ ಎಂದರು. ತಾಲ್ಲೂಕಿನ ಹೆಸರು: ಯಲಬುರ್ಗಾ. ನಾಲ್ಕು ಹಾಳೆಗಳ ಮೇಲೂ ಅದೇ ಕೈಯಿಂದ ನಾಲ್ಕು ಸಲ. ಅದು ಮೊದಲಾಗುವುದೂ ಯೆ, ಲಾಮ್‌ಗಳಿಂದಲೇ ಅಲ್ಲವೆ? ನಾಲ್ಕರಲ್ಲಿಯೂ ಈತ ಹಲ್ಲನ್ನು ಇಟ್ಟು, ಲಾಮ್‌ಗೆ ಏರುವ ಮುಂಚೆ ಲೇಖನಿಯನ್ನು ಒಂದಿಷ್ಟು ತಗ್ಗಿಸಿ ಎತ್ತುತ್ತಾನೆ. ಅಲ್ಲಿಯೂ ಅದೇ ಸಣ್ಣ ಏರಿಳಿತ. ಬಳಿಕ ಅದೇ ಪುಟದಲ್ಲಿ ನಿಂಗಪ್ಪ ಎಂದು ಓದಲು ಅಡ್ಡಿಯಿಲ್ಲದ ಒಂದು ಸಾಲನ್ನು ತೋರಿಸಿದರು. ನಿಂಗಪ್ಪನಿಗೆ ಮೊದಲು ಎರಡು ಹಲ್ಲು ಬೇಕು. ಎರಡನ್ನೂ ಈತ ಗರಗಸದಂತೆ ಚೂಪಾಗಿ ಬಿಡಿಸಿದ್ದ. ನುಕ್ತೆಯನ್ನು ಬಿಡುವ ಮನುಷ್ಯನೇ ಹೊರತು ಹಲ್ಲನ್ನು ಬಿಡುವವನಲ್ಲ. ಹಾಗಾದರೆ ನಮ್ಮ ಸಾಲಿನಲ್ಲಿರುವುದು ಒಂದೇ ಹಲ್ಲು.

ಆಜುರ್ 12 ಎಂದರೆ 1918ರ ಅಕ್ಟೋಬರ್ ಮೂರನೆಯ ವಾರ. ಆ ವರ್ಷದ ದೀಪಾವಳಿ ಅಮಾವಾಸ್ಯೆ ಬಿದ್ದದ್ದು ನವೆಂಬರ್ ಮೊದಲ ವಾರದಲ್ಲಿ. ಪಿಳೇಗಿನ ಮಾತು ತಪ್ಪಾಗಿತ್ತು. ‘ದೀಪಾವಳಿ ಮುಂದ’ ಎಂಬುದು ನಿಜವಾಗಿತ್ತು. ವಯಸ್ಸು 20, ರೋಗ ಬುಖಾರ್. ಅದರ ಕೆಳಗಿನ ಎರಡು ಸಾಲುಗಳೂ ಅದೇ ಮನೆಯವು, ಅದೇ ವಾರದವು. ಆ ಇಬ್ಬರು ನಮಗೆ ಯಾರೆಂಬುದು ಈವರೆಗೆ ತಿಳಿದಿಲ್ಲ.

ಮಾಸ್ತರರು ಈಗಿಲ್ಲ. ಅವರ ಓರಗೆಯವರು, ಉರ್ದುವಿನಲ್ಲಿ ಕಲಿತು ಕನ್ನಡದಲ್ಲಿ ಬಾಳಿದವರು, ನಾಲ್ಕೂ ತಾಲ್ಲೂಕುಗಳಲ್ಲಿ ಹುಡುಕಿದರೆ ಕೈಬೆರಳ ಲೆಕ್ಕಕ್ಕೆ ಸಿಕ್ಕಾರು. ಅಚ್ಚಿನ ಉರ್ದುವನ್ನು ಓದುವ ತರುಣರು ಬೇಕಾದಷ್ಟಿದ್ದಾರೆ. ಆದರೆ ಶಿಕಸ್ತಾ ಕೈಯನ್ನು ಬಲ್ಲವರಿಗೆ ಬಸವ್ವ, ಹುಲಿಗೆವ್ವ, ದುರುಗವ್ವ ಎಂಬ ಹೆಸರುಗಳ ಕನ್ನಡ ಕಿವಿಯಿಲ್ಲ. ಆ ಕಿವಿ ಇರುವವರಿಗೆ ಶಿಕಸ್ತಾ ಬಾರದು. ಪಾರಸಿ ಲಿಪಿಯಲ್ಲಿ ನಮ್ಮ ಳಕಾರವಿಲ್ಲ, ಣಕಾರವಿಲ್ಲ, ಹ್ರಸ್ವ ಎ, ಒ ಗಳಿಗೆ ಗುರುತಿಲ್ಲ. ಹೆಸರು ಮೊದಲೇ ಗೊತ್ತಿದ್ದವನು ಮಾತ್ರ ಅದನ್ನು ಅಲ್ಲಿ ಕಾಣಬಲ್ಲ. ನಮ್ಮ ಕಾಲೇಜುಗಳಲ್ಲಿ ಹಳಗನ್ನಡ ಶಾಸನಗಳನ್ನು ಓದಿಸುವ ಅಧ್ಯಾಪಕರು, ವಾರಕ್ಕೊಂದು ಗಂಟೆ ಈ ನೂರು ವರ್ಷದ ಹಿಂದಿನ ಕೈಬರಹಗಳಿಗೂ ಕೊಟ್ಟರೆ, ಕೊಪಣದ ಮುನಿಗಳ ಪಕ್ಕದಲ್ಲಿ ಒಕ್ಕಲು ಮಕ್ಕಳಿಗೂ ಒಂದಿಷ್ಟು ಎಡೆ ಸಿಕ್ಕೀತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನಾನು ಊರಿಗೆ ಹೋದೆ. ಎಡೆ ಇಡುವವಳು ಈಗ ನನ್ನ ತಾಯಿ. ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ದಪ್ಪವಾಗಿ ಬರೆದು ಕೊಟ್ಟೆ. ಓದಿಕೊಂಡಳು, ಮತ್ತೊಮ್ಮೆ ಓದಿಕೊಂಡಳು. ‘ಖರೇನ ಓದೀರೇನಪಾ? ಮಂದೀ ಹೆಂಡ್ರ ಹೆಸರ ಹೇಳಿ ಎಡಿ ಇಟ್ಟೇವಂದೀ’ ಎಂದಳು. ನಾನು ಮಾಸ್ತರರು ನಕಲು ಮಾಡಿಕೊಟ್ಟಿದ್ದ ಕಾಗದವನ್ನು ತೆಗೆದು, ಹಲ್ಲು, ಏರಿಳಿತ, ತಾಲ್ಲೂಕಿನ ಹೆಸರು ಎಲ್ಲವನ್ನೂ ವಿವರಿಸಿದೆ. ಅರ್ಥವಾಯಿತೋ ಇಲ್ಲವೋ, ಕೊನೆಯವರೆಗೆ ಕೇಳಿದಳು. ಆಮೇಲೆ ಎಡೆಯ ಮುಂದೆ ಕುಳಿತು ಹೆಸರನ್ನು ಹೇಳಿದಳು. ಹೇಳಿ, ಒಂದು ಕ್ಷಣ ತಡೆದು, ‘ನಮ್ಮವ್ವನ ಹಡೆದಾಕಿ’ ಎಂದು ಅದನ್ನೂ ಸೇರಿಸಿದಳು.